ಒಂದೇ ಸಲ ಕರೆದ ದನಿ

ವಾಡಿ ಜಂಕ್ಷನ್

ನಾನು ದೆವ್ವ ನಂಬುವವಳಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಹೊರಗಿನಿಂದ ಯಾರಾದರೂ ಒಂದೇ ಸಲ ಹೆಸರು ಹಿಡಿದು ಕರೆದರೆ ಓಗೊಡುವವಳೂ ಅಲ್ಲ. ಮೂರು ಸಲ ಕರೆದರೆ ಮನುಷ್ಯರು, ಒಂದೇ ಸಲ ಕರೆದು ಸುಮ್ಮನಾದರೆ ಅದು ಮನುಷ್ಯರಲ್ಲ ಅಂತ ನಮ್ಮವ್ವ ನಮಗೆ ಹೇಳಿಕೊಟ್ಟಿದ್ದಾಳೆ, ಅವಳಿಗೆ ಅವಳವ್ವ ಹೇಳಿಕೊಟ್ಟಿದ್ದಳು. ಕಾಲೇಜಿಗೆ ಹೋಗಿ ಡಿಗ್ರಿ ತಂದೆ, ಬಿ.ಎಡ್. ಮಾಡಿದೆ, ಬಾಕಿ ಮೂಢನಂಬಿಕೆಗಳನ್ನೆಲ್ಲ ಒಂದೊಂದಾಗಿ ಬಿಟ್ಟೆ. ಇದೊಂದು ಮಾತ್ರ ಮೈಯಲ್ಲೇ ಉಳಿದುಬಿಟ್ಟಿದೆ. ನಾನು ಹೇಳಹೊರಟಿರುವ ಪ್ರವಾಸಕ್ಕೂ ಇದಕ್ಕೂ ಸಂಬಂಧ ಇರುವುದರಿಂದ ಮೊದಲೇ ಹೇಳಿದ್ದೇನೆ.

ನಾನು ವಿಶೇಷ ಶಿಕ್ಷಕಿ. ಓದಲು ಬರೆಯಲು ತೊಡಕಿರುವ ಮಕ್ಕಳಿಗಾಗಿ ಶಹಾಬಾದ, ವಾಡಿ, ಚಿತ್ತಾಪುರದ ಸುತ್ತಿನ ಶಾಲೆಗಳಿಗೆ ಬಸ್ಸು, ಟಂಟಂ ಹತ್ತಿಳಿಯುತ್ತ ತಿರುಗುವುದು ನನ್ನ ಕೆಲಸ. ಜಾಣ ಮಕ್ಕಳು. ಲೆಕ್ಕ ಬಾಯಲ್ಲೇ ಮಾಡುತ್ತವೆ, ನಾನು ಕಥೆ ಹೇಳಿದರೆ ನನಗೇ ತಿದ್ದುತ್ತವೆ. ಪುಸ್ತಕ ಬಿಚ್ಚಿದರೆ ಮಾತ್ರ ಅಕ್ಷರಗಳು ಒಂದರ ಮೇಲೊಂದು ಹತ್ತಿ ಕೂತು ಓದಲು ಬಿಡುವುದಿಲ್ಲ. ಡಿಸ್ಲೆಕ್ಸಿಯಾ ಅನ್ನುತ್ತಾರೆ. ನಮ್ಮ ಕಡೆ ಅದಕ್ಕಿರುವ ಹೆಸರು ದಡ್ಡತನ. ಆ ಹೆಸರು ಅಳಿಸುವುದರಲ್ಲೇ ನನ್ನ ಅರ್ಧ ನೌಕರಿ ಕಳೆದಿದೆ.

ನಮ್ಮಕ್ಕ ಮಹಾನಂದಾಳ ಮಗಳು ನೀಲಾ ಅಂಥವಳೇ. ಅಕ್ಕ ಶಹಾಬಾದದ ಒಂದು ಕಲ್ಲು ಪಾಲಿಶ್ ಮಾಡುವ ಯಾರ್ಡಿನ ಆಫೀಸಿನಲ್ಲಿದ್ದಳು. ಮಧ್ಯಾಹ್ನ ಬುತ್ತಿ ಉಂಡ ಮೇಲೆ ಮಗಳ ಪಾಠಗಳನ್ನು ಓದಿ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಹಿಂದೆ ಕಲ್ಲು ಕೊಯ್ಯುವ ಮಷಿನ್ನಿನ ಗುಂಯ್ ಸದ್ದು, ಮುಂದೆ ಅಕ್ಕನ ದನಿ. ಪ್ರತಿ ಪಾಠಕ್ಕೂ ಮೊದಲು ‘ನೀಲಾ… ನೀಲಾ… ನೀಲಾ’ ಅಂತ ಮೂರು ಸಲ ಕರೆಯುತ್ತಿದ್ದಳು. ಫೋನಿನೊಳಗೂ ಶಾಸ್ತ್ರ ಬಿಡವಲ್ಲೆಯಲ್ಲ ಅಂತ ನಾನು ಕಾಡುತ್ತಿದ್ದೆ. ನೀಲಾ ಮನೆಯಲ್ಲಿ ಕೂತು ‘ಓ’ ಅಂದ ಮೇಲೆಯೇ ಪಾಠ ಕೇಳುತ್ತಿದ್ದಳು. ಹಾಗೆ ಕೇಳಿ ಕೇಳಿ ಎಂಟನೆಯ ತರಗತಿ ದಾಟಿದಳು. ಆಮೇಲೆ ಅಕ್ಕನಿಗೆ ಕೆಮ್ಮು ಹತ್ತಿತು. ಆ ಕೆಮ್ಮು ಅಕ್ಕನನ್ನು ಬಿಟ್ಟು ಹೋಗಲಿಲ್ಲ, ಕರೆದುಕೊಂಡೇ ಹೋಯಿತು.

ನೀಲಾ ಒಂಬತ್ತನೆಯ ತರಗತಿಯ ಪುಸ್ತಕ ಬಿಚ್ಚಲೇ ಇಲ್ಲ. ನಾನು ಓದಿ ಹೇಳುತ್ತೇನೆ ಅಂದರೆ ಎದ್ದು ಹೋಗುತ್ತಿದ್ದಳು. ಫೋನಿನಲ್ಲಿ ಸಿಗುವ ಓದುವ ಯಂತ್ರ ಹಾಕಿಕೊಟ್ಟರೆ, ಇದು ಟಿವಿಯವರ ಬಾಯಿ ಅಂತ ಬಂದ್ ಮಾಡುತ್ತಿದ್ದಳು. ಎಂಟನೆಯದರ ಪಾಠಗಳನ್ನೇ ತನ್ನವ್ವನ ದನಿಯಲ್ಲಿ ತಿರುತಿರುಗಿ ಕೇಳುತ್ತ ಒಂದು ವರ್ಷ ಕಳೆದಳು. ಈ ವರ್ಷವೂ ಹೀಗೇ ಆದರೆ ಶಾಲೆ ಬಿಡಿಸಿ ಹೊಲಿಗೆ ಕಲಿಯಲು ಹಾಕುತ್ತೇನೆ ಅಂತ ಭಾವ ಹೇಳಿಬಿಟ್ಟಿದ್ದರು. ಭಾವ ಕೆಟ್ಟವರಲ್ಲ, ಸೋತವರು.

ಅಂಥ ಹೊತ್ತಿನಲ್ಲಿ ವೇಲ್ಸ್ ದೇಶದ ತರಬೇತಿಗೆ ನನಗೆ ಕರೆ ಬಂತು. ಸಣ್ಣ ಭಾಷೆಗಳ ಮಕ್ಕಳಿಗೆ ಓದುವ ಯಂತ್ರ ಮಾಡಿಕೊಡುವ ಕೇಂದ್ರವೊಂದು ಅಲ್ಲಿದೆ. ಯಾರದಾದರೂ ರೆಕಾರ್ಡಿಂಗ್ ಕೊಟ್ಟರೆ ಅದೇ ದನಿಯಲ್ಲಿ ಯಾವ ಪುಸ್ತಕವನ್ನಾದರೂ ಓದುವ ಯಂತ್ರ ತಯಾರಾಗುತ್ತದಂತೆ. ಇದನ್ನು ಓದಿದ ಮೇಲೆ ನಾನು ಬೇರೇನೂ ವಿಚಾರ ಮಾಡಲಿಲ್ಲ. ಅಕ್ಕನ ಪಾಠಗಳ ಒಂದು ನಕಲು ನೀಲಾಳ ಫೋನಿಗೆ ಹಾಕಿ, ಒಂಬತ್ತನೆಯದಕ್ಕೂ ನಿಮ್ಮವ್ವನ ದನಿ ತರುತ್ತೇನೆ ಅಂತ ಅವಳಿಗೆ ಹೇಳಿ, ಅಕ್ಕನ ಫೋನಿನ ಮೆಮೊರಿ ಕಾರ್ಡನ್ನು ಕುಂಕುಮದ ಡಬ್ಬಿಯಲ್ಲಿ ಇಟ್ಟುಕೊಂಡು ಹೊರಟೆ.

ವಾಡಿಯಲ್ಲಿ ಮುಂಬಯಿ ಗಾಡಿ ಹತ್ತಿಸಲು ಅವ್ವ ಮತ್ತು ನೀಲಾ ಬಂದಿದ್ದರು. ಅವ್ವ ಖಡಕ್ ರೊಟ್ಟಿ, ಖಾರದ ಶೇಂಗಾ ಹಿಂಡಿ ಕಟ್ಟಿಕೊಟ್ಟು, ಆ ದೇಶದಾಗ ಎಮ್ಮಿ ಅದಾವೇನು ಅಂತ ಕೇಳಿದಳು. ಗಾಡಿ ಕದಲುವಾಗ ನೀಲಾ ಕಿಟಕಿಯ ಸರಳು ಹಿಡಿದು ನಡೆಯುತ್ತ ಕೇಳಿದಳು:

“ಚಿಗವ್ವ, ನೀ ಬರೂದ್ರೊಳಗ ಅವ್ವ ಒಂಬತ್ತನೇತ್ತಾದ್ದು ಓದ್ತಾಳಲ್ಲ?”

“ಓದ್ತಾಳ,” ಅಂದೆ. ಅಂದ ಮೇಲೆ, ನಾನೇನು ಹೇಳಿಬಿಟ್ಟೆ ಅಂತ ಗುಲ್ಬರ್ಗಾ ಬರುವವರೆಗೂ ಕಿಟಕಿಯಾಚೆ ನೋಡುತ್ತ ಕೂತೆ.

ಮಂಜಿನ ಊರು

ವಿಮಾನದ ಬಗ್ಗೆ ಬರೆಯುವುದಕ್ಕೆ ಏನೂ ಇಲ್ಲ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಬಿಟ್ಟದ್ದು ಆ ದೇಶದ ಉತ್ತರ ಮೂಲೆಯ ಒಂದು ಸಣ್ಣ ಊರಿನಲ್ಲಿ. ಬಿಟ್ಟ ಮೇಲೂ ಏನೂ ಕಾಣಲಿಲ್ಲ, ಅಷ್ಟು ಮಂಜು.

ಮಂಜು ಸ್ವಲ್ಪ ಸರಿದಾಗ ನನಗೆ ನಗು ಬಂತು. ಏಳು ಸಮುದ್ರ ದಾಟಿ ಬಂದರೆ ಇದೂ ಕಲ್ಲಿನ ಊರೇ. ನಮ್ಮಲ್ಲಿ ಮನೆ ಮನೆಗೆ ಫರ್ಸಿ ಕಲ್ಲು ಹಾಸಿದ ಹಾಗೆ ಇಲ್ಲಿ ಮನೆ ಮನೆಗೆ ಸ್ಲೇಟು ಮಾಡುವ ಕಪ್ಪು ಪಾಟಿಯ ಕಲ್ಲು ಹೊದಿಸಿದ್ದಾರೆ. ಸೂರು ಪಾಟಿ, ಮೆಟ್ಟಿಲು ಪಾಟಿ, ಹೊಲದ ಬೇಲಿಯೂ ಪಾಟಿ, ಗೋರಿಯ ಮೇಲಿನ ಹೆಸರೂ ಪಾಟಿಯ ಮೇಲೆ. ಹಿಂದೊಮ್ಮೆ ಜಗತ್ತಿನ ಎಷ್ಟೋ ಮಕ್ಕಳು ಅಕ್ಷರ ತಿದ್ದಿದ್ದು ಇಂಥ ಊರುಗಳ ಕಲ್ಲಿನ ಮೇಲಂತೆ. ಅಕ್ಷರ ಹತ್ತದ ಮಕ್ಕಳ ಕಣ್ಣೀರೂ ಇದೇ ಕಲ್ಲಿನ ಮೇಲೆ ಬಿದ್ದಿರಬೇಕು ಅಂದುಕೊಂಡೆ.

ಗಣಿಗಳು ಮುಚ್ಚಿ ಎಷ್ಟೋ ಕಾಲವಾಗಿದೆ. ಆದರೆ ಕೊಯ್ದ ಕಲ್ಲಿನಲ್ಲಿ ಕೆಲಸಕ್ಕೆ ಬಂದದ್ದು ಸ್ವಲ್ಪ, ಬಿಸಾಡಿದ್ದೇ ಬಹಳ. ಆ ಬಿಸಾಡಿದ ಚೂರುಗಳು ಊರಿನ ಸುತ್ತ ಗುಡ್ಡಗಳಾಗಿ ನಿಂತಿವೆ. ಶಹಾಬಾದದಲ್ಲೂ ಚೂರುಕಲ್ಲಿನ ದಿಬ್ಬಗಳಿವೆ, ಅದರ ಮೇಲೆ ಕತ್ತೆ ಮೇಯುತ್ತವೆ, ಹುಡುಗರು ಪತಂಗ ಹಾರಿಸುತ್ತಾರೆ. ಇಲ್ಲಿಯ ಗುಡ್ಡಗಳ ಮೇಲೆ ಒಂದು ಹುಲ್ಲುಕಡ್ಡಿ ಇಲ್ಲ. ಮೊದಲ ದಿನ ಕೇಂದ್ರಕ್ಕೆ ನಡೆದು ಹೋಗುವಾಗ ಮಂಜಿನೊಳಗಿನಿಂದ ಜರ್ ಅಂತ ಕಲ್ಲು ಜಾರುವ ಸದ್ದು ಕೇಳಿತು, ಮೇಲೆ ಯಾರೋ ನಡೆಯುತ್ತಿರುವ ಹಾಗೆ. ನಿಂತು ನೋಡಿದೆ. ಯಾರೂ ಇರಲಿಲ್ಲ. ಆಮೇಲೆ ತಿಳಿಯಿತು, ಅದು ತಾನಾಗಿಯೇ ಜಾರುತ್ತದೆ, ಈಗಲೂ ದಿನಾ ಜಾರುತ್ತದೆ. ಊರಿನವರು ಆ ಸದ್ದಿಗೆ ತಲೆ ಸಹ ಎತ್ತುವುದಿಲ್ಲ.

ಮೆಗನ್ ಅಜ್ಜಿಯ ಮನೆ

ನನ್ನನ್ನು ಇಳಿಸಿದ್ದು ಮೆಗನ್ ಎಂಬ ಒಂಟಿ ಅಜ್ಜಿಯ ಮನೆಯಲ್ಲಿ. ಬಾಯಿ ಬಿಟ್ಟು ನಗುವ, ಮಾತುಮಾತಿಗೆ ಚಹಾ ಕೊಡುವ ಹೆಂಗಸು. ನನ್ನ ಶೇಂಗಾ ಹಿಂಡಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು, ಆದರೆ ಇನ್ನೊಂದು ಚಮಚ ಕೇಳಿದಳು. ಅವಳ ಭಾಷೆ ವೆಲ್ಶ್. ಅವರ ಭಾಷೆಗೂ ಓದುವ ಯಂತ್ರ ಬಂದಿದೆಯಂತೆ. ಹೇಗಿದೆ ಅಂತ ಕೇಳಿದರೆ ಮೂಗು ಮುರಿದಳು: ಅದು ದಕ್ಷಿಣದವರ ಹಾಗೆ ಮಾತಾಡುತ್ತದೆ, ನಾವು ಹಾಗೆ ಮಾತಾಡುವುದಿಲ್ಲ. ನಾನು ಎದ್ದು ಹೋಗಿ ಅವಳ ಕೈ ಕುಲುಕಿದೆ. ನಮ್ಮ ಓದುವ ಯಂತ್ರದ ಬೆಂಗಳೂರು ಕನ್ನಡದ ಕಥೆ ಹೇಳಿದೆ. ನಾವಿಬ್ಬರೂ ಅವತ್ತಿನಿಂದ ಗೆಳತಿಯರು.

ಬಂದ ಮೊದಲ ವಾರದಲ್ಲೇ ಒಂದು ಸಂಜೆ ಆ ಮನೆಯಲ್ಲಿ ನನ್ನ ಎದೆ ಒಡೆಯುವುದೊಂದು ಬಾಕಿ ಉಳಿಯಿತು. ಸಂಜೆ ಅಂದರೆ ನಮ್ಮ ಲೆಕ್ಕದಲ್ಲಿ ಮಧ್ಯಾಹ್ನದ ಚಹಾದ ಹೊತ್ತು, ಅಷ್ಟಕ್ಕೇ ಅಲ್ಲಿ ಕತ್ತಲು. ಮೆಗನ್ ಅಂಗಡಿಗೆ ಹೋಗಿದ್ದಳು. ನಾನೊಬ್ಬಳೇ. ಪಡಸಾಲೆಯಲ್ಲಿದ್ದ ಹಳೆಯ ಫೋನು ಹೊಡೆದುಕೊಳ್ಳತೊಡಗಿತು. ನನ್ನ ಇಂಗ್ಲಿಷಿನ ಮೇಲೆ ನನಗೇ ಭರವಸೆ ಇಲ್ಲದ್ದರಿಂದ ಎತ್ತಲಿಲ್ಲ. ಗಂಟೆ ನಿಂತಿತು. ನಿಂತ ಮೇಲೆ ಆ ಖಾಲಿ ಪಡಸಾಲೆಯಲ್ಲಿ ಒಬ್ಬ ಗಂಡಸು ಮಾತಾಡಿದ.

ವೆಲ್ಶ್ ಮಾತು, ನಿಧಾನವಾದ ದಪ್ಪ ದನಿ, ಕೊನೆಗೊಂದು ಸಣ್ಣ ನಗೆ. ಆಮೇಲೆ ಎಲ್ಲಾ ಮೌನ. ದೀಪ ಹಾಕಿ ನೋಡಿದೆ, ಯಾರೂ ಇಲ್ಲ. ಅಷ್ಟರಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಮತ್ತೆ ಅದೇ ಗಂಡಸು, ಅದೇ ಮಾತು, ಕೊನೆಗೆ ಅದೇ ನಗೆ. ನಾನು ಶಾಲು ಸುತ್ತಿಕೊಂಡು ಹೊರಗೆ ಬಂದು, ಜಿನುಗು ಮಳೆಯಲ್ಲಿ ಮೆಟ್ಟಿಲ ಮೇಲೆ ಕೂತೆ.

ಮೆಗನ್ ಬಂದು ನನ್ನನ್ನು ನೋಡಿದವಳೇ ನಾಚಿ ಕೆಂಪಾದಳು. ಕರೆ ಮಾಡಿದ್ದು ಅವಳೇ, ಬಸ್ ಸ್ಟಾಪಿನಿಂದ. ಮಾತಾಡಿದ್ದು ಅವಳ ಗಂಡ ಹ್ಯೂ, ತೀರಿಹೋಗಿ ಬಹಳ ಕಾಲವಾಗಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಕರೆ ಬಂದರೆ ಹೇಳಲಿಕ್ಕೆ ಅಂತ ಅವನು ಆ ಫೋನಿನಲ್ಲಿ ರೆಕಾರ್ಡ್ ಮಾಡಿದ್ದ ಎರಡು ಮಾತು ಅದು: ನಾವು ಹೊರಗೆ ಹೋಗಿದ್ದೇವೆ, ಬೇಗ ಬರುತ್ತೇವೆ. ಅವನ ದನಿ ಕೇಳಬೇಕು ಅನ್ನಿಸಿದಾಗ ಮೆಗನ್ ಹೊರಗೆ ಹೋಗಿ ತನ್ನ ಮನೆಗೆ ತಾನೇ ಫೋನ್ ಮಾಡುತ್ತಾಳೆ. ಅವತ್ತು ಮನೆಯಲ್ಲಿ ನಾನಿರುವುದು ಮರೆತೇಹೋಗಿತ್ತಂತೆ. ಇಬ್ಬರೂ ಒದ್ದೆ ಮೆಟ್ಟಿಲ ಮೇಲೆ ಕೂತು ನಕ್ಕೆವು. ನನ್ನ ನಗು ಪೂರ್ತಿ ಖರೇ ಇರಲಿಲ್ಲ.

ಮಾತಿಲ್ಲದ ಶಾಲೆ

ಮರುದಿನ ನಮ್ಮನ್ನು ಒಂದು ಶಾಲೆಗೆ ಕರೆದೊಯ್ದರು. ಬೇರೆ ಬೇರೆ ದೇಶದ ಶಿಕ್ಷಕರ ಸಣ್ಣ ಗುಂಪು ನಮ್ಮದು. ಶಾಲೆ ಅಂದರೆ ನನ್ನ ಕಿವಿಗೆ ಒಂದು ಸದ್ದು ಗೊತ್ತು, ನಮ್ಮ ಗುಂಡಗುರ್ತಿಯದಾಗಲಿ ತೆಂಗಳಿಯದಾಗಲಿ, ರಸ್ತೆಯ ತಿರುವಿನಿಂದಲೇ ಮಗ್ಗಿಯ ಗದ್ದಲ ಕೇಳುತ್ತದೆ. ಇಲ್ಲಿ ಬಾಗಿಲು ತೆರೆದರೂ ಏನೂ ಕೇಳಲಿಲ್ಲ. ಶಾಲೆಗೆ ರಜೆಯೇನೋ ಅಂದುಕೊಂಡೆ.

ಒಳಗೆ ಕೋಣೆಯ ತುಂಬ ಮಕ್ಕಳಿದ್ದರು. ಎಲ್ಲರ ಕಿವಿಗೂ ಹೆಡ್‌ಫೋನು. ಒಬ್ಬಳು ಪುಟದ ಮೇಲೆ ಹಳದಿ ಬಣ್ಣದ ತೆಳು ಹಾಳೆ ಹೊದಿಸಿದ್ದಳು, ಅದರಡಿ ಅಕ್ಷರ ಅಲುಗಾಡದೆ ನಿಲ್ಲುತ್ತವಂತೆ. ಎಲ್ಲರಿಗೂ ನಿಲ್ಲುವುದಿಲ್ಲ, ಅವಳಿಗೆ ನಿಲ್ಲುತ್ತವೆ. ಇನ್ನೊಬ್ಬ ಪೆನ್ನಿನಂಥದ್ದನ್ನು ಸಾಲಿನ ಮೇಲೆ ಎಳೆಯುತ್ತಿದ್ದ, ಎಳೆದ ಸಾಲನ್ನು ಆ ಪೆನ್ನು ಅವನ ಕಿವಿಯಲ್ಲಿ ಓದಿ ಹೇಳುತ್ತಿತ್ತು. ಮಕ್ಕಳ ತುಟಿಗಳು ಅಲುಗುತ್ತಿದ್ದವು, ದನಿ ಹೊರಡುತ್ತಿರಲಿಲ್ಲ. ನಡುನಡುವೆ ಒಬ್ಬೊಬ್ಬರೇ ತಮ್ಮಷ್ಟಕ್ಕೆ ನಗುತ್ತಿದ್ದರು, ತಲೆಯಾಡಿಸುತ್ತಿದ್ದರು. ಯಾರಿಗೋ ಹೂಂ ಅನ್ನುತ್ತಿದ್ದರು. ಆ ಯಾರೋ ಕೋಣೆಯಲ್ಲಿ ಇರಲಿಲ್ಲ.

ನನಗೆ ಸಂತೋಷವೂ ಆಯಿತು, ದಿಗಿಲೂ ಆಯಿತು. ಆ ಹುಡುಗನ ಪೆನ್ನನ್ನು ಕೇಳಿ ತೆಗೆದುಕೊಂಡು ನನ್ನ ಬ್ಯಾಗಿನಲ್ಲಿದ್ದ ಕನ್ನಡ ಪುಸ್ತಕದ ಮೇಲೆ ಎಳೆದೆ. ಅದಕ್ಕೆ ನಮ್ಮ ಲಿಪಿ ಗೊತ್ತಿರಲಿಲ್ಲ, ಸುಮ್ಮನಿತ್ತು. ಪಾಪ, ಅದರ ಕಣ್ಣಿಗೂ ಕನ್ನಡದ ಅಕ್ಷರಗಳು ಕುಣಿದಿರಬೇಕು. ನನ್ನ ಎಷ್ಟೋ ಮಕ್ಕಳ ಹಾಗೆ ಅದೂ ತಲೆ ತಗ್ಗಿಸಿಕೊಂಡಂತೆ ಕಂಡಿತು.

ಸಿಯಾನಳ ಕೋಣೆ

ದನಿ ಮಾಡುವ ಕೆಲಸ ಸಿಯಾನ್ ಎಂಬವಳದು. ನನ್ನ ವಯಸ್ಸಿನವಳೇ. ಅವಳಿಗೂ ಸಣ್ಣವಳಿದ್ದಾಗಿನಿಂದ ಓದಲು ಬಾರದು, ಈಗಲೂ ಪತ್ರಗಳನ್ನು ಕಿವಿಯಿಂದಲೇ ಓದುತ್ತಾಳೆ. ನೀಲಾಳ ಕಥೆ ಹೇಳಿದಾಗ ಅವಳಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಹಗಲೆಲ್ಲ ನಾನು ತರಬೇತಿಯಲ್ಲಿರುವಾಗ ಅವಳ ಯಂತ್ರ ಅಕ್ಕನ ಪಾಠಗಳನ್ನು ಕೇಳುತ್ತ, ಕಲಿಯುತ್ತ ಇರುತ್ತಿತ್ತು. ಎಂಟು ವರ್ಷದ ಪಾಠ ಒಂದೆರಡು ವಾರದಲ್ಲಿ ಕೇಳಿ ಮುಗಿಸಿತು. ನೀಲಾ ಕೂಡ ಇಷ್ಟು ಶ್ರದ್ಧೆಯಿಂದ ಕೇಳಿರಲಿಕ್ಕಿಲ್ಲ.

ತಯಾರಾದ ದಿನ ಸಿಯಾನ್ ನನ್ನನ್ನು ಕರೆದು ಹೆಡ್‌ಫೋನು ಕೊಟ್ಟಳು. ಒಂಬತ್ತನೆಯ ತರಗತಿಯ ಮೊದಲನೆಯ ಪಾಠ ಯಂತ್ರಕ್ಕೆ ಕೊಟ್ಟಿದ್ದೆ. ನಾನು ಕೊಟ್ಟದ್ದು ಬರೀ ಪಾಠ. ಆದರೆ ಪಾಠಕ್ಕೂ ಮೊದಲು ಕಿವಿಯಲ್ಲಿ ಅಕ್ಕ ಕರೆದಳು:

“ನೀಲಾ.”

ಬೆಚ್ಚಿ ಸಿಯಾನಳ ಕಡೆ ತಿರುಗಿದೆ. ಆ ಹೆಸರನ್ನು ನಾನು ಬರೆದಿರಲಿಲ್ಲ, ಯಾರೂ ಬರೆದಿರಲಿಲ್ಲ. ಸಿಯಾನ್ ಸಮಾಧಾನ ಹೇಳಿದಳು. ಪ್ರತಿ ಪಾಠದ ಮೊದಲಿಗೂ ಆ ಪದ ಇದ್ದುದರಿಂದ, ಪಾಠ ಅಂದರೆ ಮೊದಲು ಹಾಗೆ ಕರೆಯಬೇಕು ಅಂತ ಯಂತ್ರ ತಾನೇ ಕಲಿತುಕೊಂಡಿದೆಯಂತೆ. ಆಮೇಲೆ ಪಾಠ ಶುರುವಾಯಿತು. ಅಕ್ಕನದೇ ದನಿ. ಸ್ವಲ್ಪ ಮೂಗಿನಲ್ಲಿ ಎಳೆಯುವುದು, ವಾಕ್ಯದ ಕೊನೆಗೆ ಇಳಿಯುವುದು ಎಲ್ಲ ಅದೇ. ಮಷಿನ್ನಿನ ಗುಂಯ್ ಸದ್ದು ಮಾತ್ರ ಇಲ್ಲ, ಕೆಮ್ಮಿಲ್ಲ. ಅಕ್ಕ ಬದುಕಿದ್ದಾಗಲೂ ಅವಳ ದನಿಯನ್ನು ಇಷ್ಟು ಸ್ವಚ್ಛವಾಗಿ ನಾನು ಕೇಳಿರಲಿಲ್ಲ. ಅತ್ತುಬಿಟ್ಟೆ. ಮೂಗು ಒರೆಸಿಕೊಂಡು ಇನ್ನೊಮ್ಮೆ ಹಾಕಿಸಿ ಕೇಳಿದೆ.

ಬಹಳ ಹೊತ್ತಿನ ಮೇಲೆ ಏನೋ ಕಡಿಮೆ ಇದೆ ಅನ್ನಿಸಿತು. ಏನೆಂದು ಹುಡುಕಿದೆ. ಅಕ್ಕ ಉಸಿರಾಡುತ್ತಿರಲಿಲ್ಲ. ಪುಟಗಟ್ಟಲೆ ಓದುತ್ತಿದ್ದಳು, ಎಲ್ಲಿಯೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಇರಲಿ, ಯಂತ್ರಕ್ಕೆ ಉಸಿರೇಕೆ ಅಂತ ನನಗೆ ನಾನೇ ಹೇಳಿಕೊಂಡೆ. ಸಂತೋಷ ತಡೆಯಲಾರದೆ ಅಲ್ಲಿಂದಲೇ ಆ ಪಾಠವನ್ನು ನೀಲಾಳ ಫೋನಿಗೆ ಕಳಿಸಿಬಿಟ್ಟೆ. ವೇಲ್ಸಿನಲ್ಲಿ ಆಗ ಮಟಮಟ ಮಧ್ಯಾಹ್ನ. ಶಹಾಬಾದದಲ್ಲಿ ಎಷ್ಟು ಹೊತ್ತಾಗಿರುತ್ತದೆ ಅಂತ ಲೆಕ್ಕ ಹಾಕಲೇ ಇಲ್ಲ.

ದೀಪ ಹಚ್ಚುವ ಹೊತ್ತು

ಊಟಕ್ಕೆ ಕೂತಾಗ ಅವ್ವನ ಫೋನು ಬಂತು. ನೀಲಾ ಬಾಗಿಲು ಹಾಕಿಕೊಂಡು ಕೂತಿದ್ದಾಳೆ, ಕರೆದರೆ ಓ ಅನ್ನುತ್ತಿಲ್ಲ ಅಂದಳು. ಫೋನನ್ನು ಅಂಗಳಕ್ಕೆ ಎಸೆದಿದ್ದಾಳಂತೆ. ನಾನು, ಅಕ್ಕನ ದನಿ ಕೇಳಿ ದುಃಖ ಬಂದಿರಬೇಕು, ನಾಳೆ ಸರಿಹೋಗುತ್ತಾಳೆ ಅಂತ ಶುರುಮಾಡಿದೆ. ಅವ್ವ ನನ್ನ ಮಾತು ಕಡಿದಳು.

“ನಾ ದೇವರ ಮುಂದ ದೀಪ ಹಚ್ಚಲಿಕತ್ತಿದ್ದೆ. ಒಳಗಿಂದ ನನ್ನ ಮಗಳು ಕರದಳು. ಒಂದೇ ಸಲ ಕರದು ಸುಮ್ಮನಾದಳು. ಹೊತ್ತು ಮುಳುಗೂ ಯಾಳ್ಯಾಕ ಹಂಗ ಯಾರ್ ಕರೀತಾರ, ನಿಂಗ ಗೊತ್ತಿಲ್ಲೇನವ್ವ?”

ತುತ್ತು ತಟ್ಟೆಯಲ್ಲೇ ಬಿಟ್ಟು ಎದ್ದೆ. ಮೂರು ಸಲ ಅಕ್ಕ ಕರೆಯುತ್ತಿದ್ದದ್ದನ್ನು ಕೇಳುತ್ತಲೇ ಬೆಳೆದ ಹುಡುಗಿ ನೀಲಾ. ಮೂರನೆಯ ಕರೆಗೆ ಕಾದಿದ್ದಾಳೆ. ಎರಡನೆಯದೂ ಬಂದಿಲ್ಲ. ಅದೂ ಆ ಹೊತ್ತಿನಲ್ಲಿ. ತನ್ನವ್ವ ಈಗ ಏನಾಗಿದ್ದಾಳೆ ಅಂತ ಆ ಮಗು ತಿಳಿದಿರಬೇಕು ಎಂಬುದನ್ನು ನೆನೆದೇ ನನಗೆ ಅಳು ಬಂತು. ಇದೆಲ್ಲ ಗೊತ್ತಿದ್ದವಳು ನಾನು, ಕೇಳಿಯೂ ಗಮನಿಸದವಳೂ ನಾನೇ.

ಓಡಿಹೋಗಿ ಸಿಯಾನಳನ್ನು ಕೇಳಿದೆ, ಇನ್ನೆರಡು ಸಲ ಕರೆದದ್ದು ಎಲ್ಲಿ ಹೋಯಿತು? ಅವಳಿಗೆ ಮೊದಲು ಪ್ರಶ್ನೆಯೇ ಅರ್ಥವಾಗಲಿಲ್ಲ. ಪಾಠ ಓದುವವರು ತೊದಲಿ ಅದೇ ಪದ ಮತ್ತೆ ಹೇಳುವುದುಂಟು. ಯಂತ್ರಕ್ಕೆ ಕಲಿಸುವ ಮೊದಲು ಅಂಥವನ್ನೆಲ್ಲ ತೆಗೆದುಹಾಕುತ್ತಾರೆ. ಕೆಮ್ಮು, ಉಸಿರು, ಹಿಂದಿನ ಸದ್ದು, ಮರುಮಾತು, ಎಲ್ಲ ಕಸ. ಅಕ್ಕನ ಮೂರು ಕರೆಯಲ್ಲಿ ಎರಡು ಹಾಗೆ ಕಸಕ್ಕೆ ಹೋಗಿದ್ದವು. ಅವಳ ತಪ್ಪೇನಿಲ್ಲ. ಮೂರು ಸಲ ಯಾಕೆ ಕರೆಯುತ್ತಾರೆ ಅಂತ ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಅದು ಹೇಳಬೇಕಾದ ಸಂಗತಿ ಅಂತ ನಮ್ಮೂರಿನಲ್ಲಿ ಯಾರಿಗೂ ಅನ್ನಿಸುವುದಿಲ್ಲ.

ಸರಿಮಾಡುವುದು ಸುಲಭ ಅಂದಳು. ಏನೋ ಒತ್ತಿದಳು. ಅಕ್ಕ ಕರೆದಳು: ನೀಲಾ. ನೀಲಾ. ನೀಲಾ. ಮೂರೂ ಒಂದೇ ಅಚ್ಚು, ಒಂದೇ ಅಳತೆಗೆ ಕೊಯ್ದ ಫರ್ಸಿಯ ಹಾಗೆ. ನಿಜವಾದ ಅಕ್ಕನ ಮೊದಲ ಕರೆ ಕೆಲಸದ ನಡುವೆ ಕರೆದಂತೆ, ಎರಡನೆಯದರಲ್ಲಿ ಸ್ವಲ್ಪ ಸಿಟ್ಟು, ಮೂರನೆಯದು ಮುದ್ದು. ಆದರೂ ಮೂರು ಅಂದರೆ ಮೂರು. ಇದನ್ನು ಕಳಿಸಿದರೆ ನೀಲಾ ಓ ಅನ್ನಬಹುದು, ಪುಸ್ತಕ ಬಿಚ್ಚಬಹುದು, ಶಾಲೆ ಉಳಿಯಬಹುದು. ನಾಳೆ ಹೇಳುತ್ತೇನೆ ಅಂತ ಎದ್ದು ಬಂದೆ.

ಮೆಗನ್‌ಳ ಮೇಜು

ಮೆಗನ್‌ಗೆ ಎಲ್ಲ ಹೇಳಿದೆ. ನೀನೂ ಗಂಡನ ದನಿ ಇಟ್ಟುಕೊಂಡಿದ್ದೀ, ಹುಡುಗಿಗೆ ಅವ್ವನ ದನಿ ಕೊಟ್ಟರೆ ತಪ್ಪೇನು ಅಂತ ಕೇಳಿದೆ. ತಪ್ಪಿಲ್ಲ ಅನ್ನುತ್ತಾಳೆ ಎಂಬ ಆಸೆಯಿಂದಲೇ ಕೇಳಿದ್ದು. ಅವಳು ಚಹಾದ ಬಟ್ಟಲನ್ನು ತಿರುಗಿಸುತ್ತಿದ್ದಳು. ಹೊರಗೆ ಗುಡ್ಡದಿಂದ ಚೂರುಕಲ್ಲು ಜಾರುವ ಸದ್ದು ಬಂತು, ಅವಳು ತಲೆ ಎತ್ತಲಿಲ್ಲ.

“ಹ್ಯೂನನ್ನು ಕರೆಯುವವಳು ನಾನು,” ಅಂದಳು. “ಅವನು ಯಾವತ್ತೂ ನನ್ನನ್ನು ಕರೆದಿಲ್ಲ. ಒಂದು ದಿನ ಆ ಫೋನು ತಾನಾಗಿ ನನ್ನ ಹೆಸರು ಹಿಡಿದು ಕರೆದರೆ, ನಾನು ಈ ಮನೆಯಲ್ಲಿ ಇರಲಾರೆ.”

ನನಗೆ ಆಗ ತಿಳಿಯಿತು. ಮೂರು ಸಲ ಕರೆಯುವುದು ಬರೀ ಶಾಸ್ತ್ರವಲ್ಲ. ಕತ್ತಲಾದ ಮೇಲೆ ಕರೆಯುವುದು ನಮ್ಮವರೋ ಅಲ್ಲವೋ ಅಂತ ತಿಳಿಯಲು ನೀಲಾಳ ಹತ್ತಿರ ಇರುವುದು ಅದೊಂದೇ ಗುರುತು. ಆ ಗುರುತನ್ನು ಯಂತ್ರಕ್ಕೆ ಕಲಿಸಿಬಿಟ್ಟರೆ ಅವಳು ಇನ್ನು ಯಾರನ್ನು ನಂಬಬೇಕು? ಅವ್ವ ಅಂದುಕೊಂಡು ಜೀವಮಾನವಿಡೀ ಉಸಿರಿಲ್ಲದ ಒಂದಕ್ಕೆ ಓಗೊಡುತ್ತಾಳೆ. ಹಾಗಾಗುವುದು ನನಗೆ ಬೇಡವಾಗಿತ್ತು.

ಮರುದಿನ ಸಿಯಾನಳಿಗೆ, ಅಕ್ಕನ ದನಿ ಅಳಿಸಿಬಿಡು ಅಂದೆ. ಖಾತ್ರಿಯೇ ಅಂತ ಕೇಳಿದಳು. ಖಾತ್ರಿ ಇರಲಿಲ್ಲ, ಆದರೂ ಹೌದು ಅಂದೆ. ಅದರ ಬದಲು ನನ್ನ ದನಿ ತಗೋ, ನಾನಿನ್ನೂ ಬದುಕಿದ್ದೇನೆ, ಏನಾದರೂ ಹೆಚ್ಚುಕಡಿಮೆಯಾದರೆ ನೀಲಾ ಮನೆಗೆ ಬಂದು ನನ್ನನ್ನೇ ಬೈಯಬಹುದು ಅಂದೆ. ಉಳಿದ ದಿನಗಳೆಲ್ಲ ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂತು ಓದಿದೆ. ನನ್ನ ಉಸಿರಿನ ಸದ್ದು ಅಳಿಸಬೇಡ, ಕೆಮ್ಮು ಬಂದರೆ ಅದೂ ಇರಲಿ ಅಂತ ಕರಾರು ಮಾಡಿಕೊಂಡಿದ್ದೆ. ಮಾಡಿ ಮುಗಿಸಿದ ಯಂತ್ರ ನನ್ನ ದನಿಯಲ್ಲಿ ಮಾತಾಡಿದಾಗ, ಇಷ್ಟು ವರ್ಷ ಮಕ್ಕಳು ಈ ಕಿರುಚಾಟ ಹೇಗೆ ತಡೆದುಕೊಂಡವು ಅಂತ ಕನಿಕರ ಬಂತು.

ಹೊರಡುವ ಮುನ್ನ ಸಿಯಾನ್ ಕಾರ್ಡು ಹಿಂತಿರುಗಿಸುತ್ತ ಒಂದು ಮಾತು ಹೇಳಿದಳು. ಅಕ್ಕ ಯಾವತ್ತೋ ಅಳಿಸಿದ್ದ ಒಂದು ರೆಕಾರ್ಡಿಂಗ್ ಕಾರ್ಡಿನಲ್ಲೇ ಉಳಿದಿತ್ತು, ಅದರಲ್ಲಿ ಪಾಠವಿಲ್ಲದ್ದರಿಂದ ಯಂತ್ರಕ್ಕೆ ಕೊಟ್ಟಿರಲಿಲ್ಲ, ಕೇಳುತ್ತೀಯಾ? ಕೇಳಿದೆ. ಕಲ್ಲು ಕೊಯ್ಯುವ ಮಷಿನ್ನಿನ ಗುಂಯ್ ಸದ್ದು. ಹೊಸ ಪುಸ್ತಕದ ಹಾಳೆ ಬಿಡಿಸುವ ಸದ್ದು. ಅಕ್ಕನ ಏದುಸಿರು. ‘ನೀಲಾ…’ ಕೆಮ್ಮು. ಬಹಳ ಹೊತ್ತು ಕೆಮ್ಮು. ‘ನೀಲಾ…’ ಆಮೇಲೆ ಬರೀ ಉಸಿರು, ಬರೀ ಮಷಿನ್ನು, ಅಲ್ಲಿಗೆ ಮುಗಿಯಿತು. ತಾರೀಖು ನೋಡಿದರೆ, ಎಂಟನೆಯದರ ಕೊನೆಯ ಪಾಠದ ನಂತರ ಮಾಡಿದ್ದು ಅದು. ಅಕ್ಕ ಒಂಬತ್ತನೆಯದನ್ನು ಶುರುಮಾಡಿದ್ದಳು, ಮೂರನೆಯ ಕರೆಗೆ ಉಸಿರು ಸಾಲದೆ ಅಳಿಸಿದ್ದಳು.

ಶಹಾಬಾದ

ಊರಿಗೆ ಬಂದು ನೀಲಾಳನ್ನು ಕೂರಿಸಿಕೊಂಡು ಏನೂ ಮುಚ್ಚಿಡದೆ ಹೇಳಿದೆ. ಆ ಸಂಜೆ ಕರೆದದ್ದು ಯಂತ್ರ, ಅದನ್ನು ಅಳಿಸಿಬಂದಿದ್ದೇನೆ, ನನ್ನ ದನಿಯ ಯಂತ್ರ ತಂದಿದ್ದೇನೆ, ಬೇಕಾದರೆ ಹಾಕಿಕೋ, ಬೇಡವಾದರೆ ಬ್ಯಾಡ. ಅಕ್ಕನ ಆ ಕೊನೆಯ ರೆಕಾರ್ಡಿಂಗನ್ನೂ ಕೊಟ್ಟೆ. ಇದು ಯಂತ್ರದ್ದಲ್ಲ, ಇದು ಖರೇ ನಿಮ್ಮವ್ವ, ಕೇಳುವುದು ಬಿಡುವುದು ನಿನಗೆ ಬಿಟ್ಟದ್ದು ಅಂದೆ. ಅವಳು ಫೋನು ತೆಗೆದುಕೊಂಡು ಒಳಗೆ ಹೋದಳು. ಭಾವ ನನ್ನ ಕಡೆ ನೋಡಿ, ಹೊಲಿಗೆ ಮಷಿನ್ನಿಗೆ ಹೇಳಿಟ್ಟಿದ್ದೇನೆ ಅಂದರು. ಎರಡು ವಾರ ಏನೂ ಆಗಲಿಲ್ಲ.

ಒಂದು ದಿನ ಚಿತ್ತಾಪುರದ ಶಾಲೆ ಮುಗಿಸಿ ಟಂಟಂನಲ್ಲಿ ಬಂದು, ಅಕ್ಕನ ಮನೆಯ ಹತ್ತಿರ ಇಳಿದೆ. ಹೊತ್ತು ಮುಳುಗಿತ್ತು. ಓಣಿಯಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು. ಫರ್ಸಿಯ ಮೆಟ್ಟಿಲ ಮೇಲೆ ಕಾಲಿಡುವಾಗ ಒಳಗಿನಿಂದ ಅಕ್ಕ ಕರೆದಳು: ‘ನೀಲಾ…’

ಗೊತ್ತಿದ್ದರೂ ಕಾಲು ಮುಂದೆ ಹೋಗಲಿಲ್ಲ. ಕೆಮ್ಮು ಕೇಳಿತು. ‘ನೀಲಾ…’ ಇನ್ನು ಮುಂದೆ ಏನೂ ಇಲ್ಲ, ಬರೀ ಉಸಿರು ಅಂತ ನನಗೆ ಗೊತ್ತಿತ್ತು. ಆ ಉಸಿರಿಗೆ ಕಾಯುತ್ತ ನಿಂತೆ.

ಮೂರನೆಯ ಕರೆ ಬಂತು.

“ನೀಲಾ,” ಅಂತ ಮುದ್ದಿನಿಂದ, ಸ್ವಲ್ಪ ಮೂಗಿನಲ್ಲಿ ಎಳೆದು. ಅದರ ಹಿಂದೆಯೇ “ಓ” ಎಂಬ ಉತ್ತರವೂ ಕೇಳಿತು. ಬಾಗಿಲ ಸಂದಿಯಿಂದ ಬಗ್ಗಿ ನೋಡಿದೆ. ನೀಲಾ ಒಬ್ಬಳೇ ಚಾಪೆಯ ಮೇಲೆ ಕೂತಿದ್ದಳು. ಮೂರನೆಯ ಸಲ ಕರೆದವಳೂ ಅವಳೇ, ಓಗೊಟ್ಟವಳೂ ಅವಳೇ. ಅವಳ ದನಿ ಯಾವಾಗ ಅಕ್ಕನ ದನಿಯಾಯಿತೋ, ದಿನಾ ನೋಡುವ ನಮಗೆ ಯಾರಿಗೂ ಗೊತ್ತಾಗಿರಲಿಲ್ಲ.

ಅವಳು ಕಣ್ಣೊರೆಸಿಕೊಂಡು ಒಂಬತ್ತನೆಯ ತರಗತಿಯ ಪುಸ್ತಕ ಬಿಚ್ಚಿ, ಫೋನಿನಲ್ಲಿ ಏನೋ ಒತ್ತಿದಳು. ಒಳಗೆ ನನ್ನ ದನಿ ಮೊದಲನೆಯ ಪಾಠ ಓದಲು ಶುರುಮಾಡಿತು. ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಓದುತ್ತಿತ್ತು. ನೀಲಾ ಬೆರಳನ್ನು ಸಾಲಿನ ಮೇಲೆ ಓಡಿಸುತ್ತಿದ್ದಳು. ನಾನು ಒಳಗೂ ಇದ್ದೆ, ಕತ್ತಲಲ್ಲಿ ಹೊರಗೂ ನಿಂತಿದ್ದೆ.

ಪಾಠ ಮುಗಿಯುವವರೆಗೂ ಅಲ್ಲೇ ನಿಂತು, ಆಮೇಲೆ ಹೊರಗಿನಿಂದ ಅವಳ ಹೆಸರು ಹಿಡಿದು ಕರೆದೆ. ಮೂರು ಸಲ.